ಈಸ್ಟರ್ ಊಟದ ಹಿಂದೆ ಏನಿದೆ? ಮೊಟ್ಟೆ, ಕುರಿಮರಿ, ಶಿಲುಬೆ ಬನ್ನು, ಪೆಸಹಾ ಅಪ್ಪಂ

ತುಂಗಾತೀರ

ಯೇಸು ಸಮಾಧಿಯಿಂದ ಎದ್ದುಬಂದ ನೆನಪಿನ ಹಬ್ಬ ಈಸ್ಟರ್ ಹತ್ತಿರ ಬಂದಾಗಲೆಲ್ಲ ವಾಟ್ಸಾಪಿನಲ್ಲಿ ಒಂದು ಸಂದೇಶ ಸುತ್ತಾಡುತ್ತದೆ. ಈಸ್ಟರ್ ಮೊಟ್ಟೆ ವಸಂತದ ದೇವಿಯೊಬ್ಬಳ ಸಂತಾನಫಲದ ಗುರುತಂತೆ, ಮೊಲ ಅವಳ ಸಂಗಾತಿಯಂತೆ, ಚರ್ಚು ಎರಡನ್ನೂ ಎತ್ತಿಕೊಂಡು ತನ್ನದಾಗಿಸಿಕೊಂಡಿತಂತೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮಕ್ಕಳು ಕೇಳಿದಾಗ "ಇರಬಹುದು" ಎಂದು ಜಾರಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಈ ಹಬ್ಬದ ತಿನಿಸುಗಳು ನಿಜಕ್ಕೂ ಎಲ್ಲಿಂದ ಬಂದವು? ಒಂದೊಂದಕ್ಕೂ ಜನ ಹೇಳುವ ಅರ್ಥ ಎಷ್ಟು ಹಳೆಯದು? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಈ ಹಬ್ಬವನ್ನು ಮನೆಯಲ್ಲಿ ಆಚರಿಸುವವರು ಬರೆದರೆ ಇನ್ನೂ ಸಂತೋಷ.

ಪಾಕಪುರಾಣ

ತುಂಗಾತೀರ ಅವರೇ, ಮೊದಲು ಆ ದೇವಿಯ ವಿಚಾರವನ್ನು ನೋಡೋಣ. ಇಂಗ್ಲೆಂಡಿನ ಸನ್ಯಾಸಿ ಬೀಡ್ 725ರಲ್ಲಿ ಕಾಲಗಣನೆಯ ಮೇಲೆ ಒಂದು ಗ್ರಂಥ ಬರೆದರು. ತಮ್ಮ ಪೂರ್ವಿಕರು ಏಪ್ರಿಲ್ ಹೊತ್ತಿನ ತಿಂಗಳನ್ನು ಇಯೊಸ್ಟ್ರೆ ಎಂಬ ದೇವಿಯ ಹೆಸರಿನಿಂದ ಕರೆಯುತ್ತಿದ್ದರು, ಆ ತಿಂಗಳಲ್ಲಿ ಅವಳಿಗೆ ಹಬ್ಬ ಮಾಡುತ್ತಿದ್ದರು ಎಂದು ಅದರಲ್ಲಿ ಹೇಳಿದ್ದಾರೆ. ದೇವಿಯ ಬಗ್ಗೆ ಅವರು ಬರೆದದ್ದು ಅಷ್ಟೇ. ಅಲ್ಲಿ ಮೊಟ್ಟೆಯ ಸುದ್ದಿ ಇಲ್ಲ, ಮೊಲ ಇಲ್ಲ, ತಿಂಡಿತೀರ್ಥದ ಮಾತೂ ಇಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1835ರಲ್ಲಿ, ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ ಜರ್ಮನ್ ಸೀಮೆಯಲ್ಲಿಯೂ ಇಂಥ ದೇವಿಯೊಬ್ಬಳು ಇದ್ದಿರಬೇಕು ಎಂದು ಊಹಿಸಿದರು. ಆ ಊಹೆಗೆ ಮುಂದಿನವರು ಮೊಲವನ್ನೂ ಮೊಟ್ಟೆಯನ್ನೂ ಜೋಡಿಸುತ್ತ ಹೋದರು. ಈಸ್ಟರ್ ಮೊಲದ ಬಗ್ಗೆ ಸಿಗುವ ಹಳೆಯ ಬರಹಗಳಲ್ಲಿ ಪ್ರಸಿದ್ಧವಾದದ್ದು 1682ರದು. ಗೇಯೋರ್ಗ್ ಫ್ರಾಂಕ್ ಫೊನ್ ಫ್ರಾಂಕೆನಾವ್ ಎಂಬ ಜರ್ಮನ್ ವೈದ್ಯರು, ಆಲ್ಸೇಸ್ ಸೀಮೆಯಲ್ಲಿ ಮೊಲ ಹುಲ್ಲಿನಲ್ಲಿ ಮೊಟ್ಟೆ ಬಚ್ಚಿಡುತ್ತದೆ ಎಂದು ಮಕ್ಕಳಿಗೆ ಕಥೆ ಹೇಳುತ್ತಾರೆ ಎಂದು ಬರೆದರು. ಹಬ್ಬದ ದಿನ ಅತಿಯಾಗಿ ಮೊಟ್ಟೆ ತಿಂದರೆ ಹೊಟ್ಟೆ ಕೆಡುತ್ತದೆ ಎಂಬ ಎಚ್ಚರಿಕೆಯೂ ಅದೇ ಬರಹದಲ್ಲಿದೆ.

ಹಾಗಾದರೆ ಮೊಟ್ಟೆ ಎಲ್ಲಿಂದ ಬಂತು? ನನ್ನ ಉತ್ತರ, ಉಪವಾಸದ ಕೋಳಿಗೂಡಿನಿಂದ. ಈಸ್ಟರಿಗೆ ಮೊದಲು ನಲವತ್ತು ದಿನಗಳ ತಪಸ್ಸುಕಾಲವಿದೆ. ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ಆಗ ಮಾಂಸವೊಂದನ್ನೇ ಬಿಟ್ಟರೆ ಸಾಲುತ್ತಿರಲಿಲ್ಲ. ಹಾಲು, ಬೆಣ್ಣೆ, ಗಿಣ್ಣು (ಚೀಸ್), ಮೊಟ್ಟೆ ಎಲ್ಲವೂ ನಿಷಿದ್ಧವಾಗಿದ್ದವು. 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಈ ನಿಷೇಧಕ್ಕೆ ಕಾರಣಗಳನ್ನು ಕೂತು ಚರ್ಚಿಸಿದ್ದಾರೆ. ಆದರೆ ಕೋಳಿಗೆ ಉಪವಾಸ ತಿಳಿಯದು. ಚಳಿಗಾಲದ ಕಿರುಹಗಲಿನಲ್ಲಿ ಮೊಟ್ಟೆಯಿಡುವುದನ್ನು ನಿಲ್ಲಿಸಿದ್ದ ಕೋಳಿಗಳು ಫೆಬ್ರವರಿ, ಮಾರ್ಚಿನಲ್ಲಿ ಹಗಲು ಉದ್ದವಾದಂತೆ ಮತ್ತೆ ಇಡತೊಡಗುತ್ತವೆ. ಅಂದರೆ ಮೊಟ್ಟೆ ಅತಿ ಹೆಚ್ಚು ಸಿಗುವ ವಾರಗಳಲ್ಲಿಯೇ ಅದನ್ನು ತಿನ್ನುವಂತಿಲ್ಲ. ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ಇಂಗ್ಲೆಂಡಿನವರು ಮನೆಯಲ್ಲಿ ಉಳಿದ ಮೊಟ್ಟೆ ಬೆಣ್ಣೆಯನ್ನೆಲ್ಲ ಪ್ಯಾನ್‌ಕೇಕ್ ಮಾಡಿ ಮುಗಿಸುತ್ತಿದ್ದರು. ಆಮೇಲಿನ ವಾರಗಳಲ್ಲಿ ಬಿದ್ದ ಮೊಟ್ಟೆಗಳು ತಂಪು ಉಗ್ರಾಣದಲ್ಲಿ ಕೂಡುತ್ತ ಹೋಗುತ್ತಿದ್ದವು. ಈಸ್ಟರ್ ಬೆಳಗಾಗುವಾಗ ಮನೆಮನೆಯಲ್ಲಿ ಮೊಟ್ಟೆಯ ರಾಶಿ. ಅದನ್ನು ಬೇಯಿಸಿದರು, ಬಣ್ಣ ಹಚ್ಚಿದರು, ಹಂಚಿದರು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ 1290ರ ಲೆಕ್ಕಪತ್ರದಲ್ಲಿ ಈಸ್ಟರಿಗೆ 450 ಮೊಟ್ಟೆಗೆ 18 ಪೆನ್ಸ್ ಖರ್ಚು ಬರೆದಿದೆ. ಬಣ್ಣ ಹಚ್ಚಿ, ಕೆಲವಕ್ಕೆ ಬಂಗಾರದ ರೇಕು ಸುತ್ತಿ, ಅರಮನೆಯವರಿಗೆ ಕೊಟ್ಟರಂತೆ.

ಅಥೆನ್ಸ್ ಕನ್ನಡತಿ

ಪಾಕಪುರಾಣ ಸರ್ ಯುರೋಪಿನ ಪಶ್ಚಿಮದ ಕಡೆಯದನ್ನು ಬರೆದರು. ನಾನಿರುವ ಗ್ರೀಸಿನಲ್ಲಿ ಇದು ಹಳೆಯ ಕಥೆಯಲ್ಲ, ಈಗಲೂ ನಡೆಯುವ ವ್ರತ. ಇಲ್ಲಿಯ ಆರ್ಥೊಡಾಕ್ಸ್ (ಪೂರ್ವ ಕ್ರೈಸ್ತ) ಪದ್ಧತಿಯಲ್ಲಿ ಉಪವಾಸ ಹಂತಹಂತವಾಗಿ ಬಿಗಿಯಾಗುತ್ತದೆ. ಮೊದಲು ಮಾಂಸ ಬಿಡುವ ವಾರ, ಆಮೇಲೆ ಗಿಣ್ಣು ಬಿಡುವ ವಾರ, ಅಲ್ಲಿಂದ ಈಸ್ಟರ್ ತನಕ ಮೊಟ್ಟೆ, ಹಾಲು, ಮಾಂಸ ಯಾವುದೂ ಇಲ್ಲ. ಮೀನಿಗೂ ಎರಡೇ ದಿನ ರಿಯಾಯಿತಿ: ಮಾರ್ಚ್ 25 ಮತ್ತು ಗರಿಗಳ ಭಾನುವಾರ, ಅಂದರೆ ಈಸ್ಟರಿನ ಹಿಂದಿನ ಭಾನುವಾರ. ಆಕ್ಟೋಪಸ್, ಸೀಗಡಿಗಳಿಗೆ ಅಡ್ಡಿಯಿಲ್ಲ. ಅವುಗಳಲ್ಲಿ ನಮ್ಮ ನಿಮ್ಮಂತೆ ಹರಿಯುವ ರಕ್ತ ಇಲ್ಲ ಎಂಬುದು ಇಲ್ಲಿಯವರು ಕೊಡುವ ಕಾರಣ. ಎಲ್ಲರೂ ಪೂರ್ತಿ ಪಾಲಿಸುತ್ತಾರೆಂದು ಹೇಳಲಾರೆ. ಆದರೆ ಕೊನೆಯ ವಾರ ಹೋಟೆಲುಗಳಲ್ಲಿಯೂ ಉಪವಾಸದ ಅಡುಗೆಯ ಪಟ್ಟಿ ಪ್ರತ್ಯೇಕವಾಗಿ ಇರುತ್ತದೆ.

ಪವಿತ್ರ ಗುರುವಾರ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ದಿನ, ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಾರೆ. ಇಲ್ಲಿ ಕೆಂಪೇ ಪ್ರಧಾನ, ಅದು ಕ್ರಿಸ್ತನ ರಕ್ತ. ಶನಿವಾರ ಮಧ್ಯರಾತ್ರಿ ಚರ್ಚಿನಲ್ಲಿ ದೀಪವೆಲ್ಲ ಆರಿಸಿ, ಒಂದು ಜ್ವಾಲೆಯಿಂದ ಎಲ್ಲರ ಮೇಣದಬತ್ತಿ ಹಚ್ಚಿ, "ಕ್ರಿಸ್ತೊಸ್ ಅನೆಸ್ತಿ" ಎಂದು ಹಾಡುತ್ತಾರೆ. ಮನೆಗೆ ಬಂದು ಕೂತ ಮೇಲೆ ಒಬ್ಬರ ಮೊಟ್ಟೆಗೆ ಇನ್ನೊಬ್ಬರು ತಮ್ಮ ಮೊಟ್ಟೆ ಕುಟ್ಟುತ್ತಾರೆ. ಕುಟ್ಟುವವರು "ಕ್ರಿಸ್ತನು ಎದ್ದಿದ್ದಾನೆ" ಎನ್ನಬೇಕು, ಹಿಡಿದವರು "ನಿಜವಾಗಿಯೂ ಎದ್ದಿದ್ದಾನೆ" ಎನ್ನಬೇಕು. ಯಾರ ಮೊಟ್ಟೆ ಕೊನೆಯವರೆಗೆ ಒಡೆಯದೆ ಉಳಿಯುತ್ತದೋ ಅವರಿಗೆ ವರ್ಷವಿಡೀ ಅದೃಷ್ಟ. ಒಡೆದ ಚಿಪ್ಪು ಎಂದರೆ ತೆರೆದ ಸಮಾಧಿ ಎಂದು ಎಂಟು ವರ್ಷದ ಮಗುವೂ ಹೇಳಬಲ್ಲದು.

ನನಗೆ ಹೆಚ್ಚು ಇಷ್ಟವಾದದ್ದು ಆ ರಾತ್ರಿಯ ಮಗಿರಿತ್ಸ ಎಂಬ ಸಾರು. ಮರುದಿನ ಇಡೀ ಕುರಿಮರಿ ಕೆಂಡದ ಮೇಲೆ ಕಂಬಿಯಲ್ಲಿ ತಿರುಗಲಿದೆ. ಅದರ ಕರುಳು, ಪಿತ್ತಜನಕಾಂಗ, ಶ್ವಾಸಕೋಶ ಇವನ್ನು ಎಸೆಯದೆ ಶನಿವಾರವೇ ಸಾರಿಗೆ ಹಾಕುತ್ತಾರೆ. ಕರುಳನ್ನು ಒಳಮೈ ಹೊರಕ್ಕೆ ತಿರುವಿ ನಿಂಬೆ ಮತ್ತು ಉಪ್ಪಿನಲ್ಲಿ ಉಜ್ಜಿ ತೊಳೆದು, ಬೇಯಿಸಿ ಸಣ್ಣಗೆ ಕೊಚ್ಚಿ, ಈರುಳ್ಳಿ ಸೊಪ್ಪು, ಲೆಟ್ಯೂಸ್, ರಾಶಿ ಸಬ್ಬಸಿಗೆ ಸೊಪ್ಪಿನೊಂದಿಗೆ ಕುದಿಸುತ್ತಾರೆ. ಕೊನೆಗೆ ಮೊಟ್ಟೆ ಮತ್ತು ನಿಂಬೆರಸವನ್ನು ನೊರೆ ಬರುವಂತೆ ಕಡೆದು, ಅದಕ್ಕೆ ಬಿಸಿ ಸಾರನ್ನು ಸೌಟು ಸೌಟಾಗಿ ಬೆರೆಸಿ, ಆಮೇಲೆ ಪಾತ್ರೆಗೆ ಸುರಿಯಬೇಕು. ಆತುರಪಟ್ಟರೆ ಮೊಟ್ಟೆ ಗಂಟುಗಂಟಾಗಿ ಒಡೆದುಹೋಗುತ್ತದೆ. ವಾರಗಟ್ಟಲೆ ಎಣ್ಣೆ, ತರಕಾರಿ, ಬೇಳೆ ತಿಂದ ಹೊಟ್ಟೆಗೆ ಒಮ್ಮೆಲೇ ಹುರಿದ ಮಾಂಸ ಹಾಕಬಾರದು, ಈ ಸಾರು ದಾರಿ ಮಾಡಿಕೊಡುತ್ತದೆ ಎನ್ನುತ್ತಾರೆ ನಮ್ಮ ಕಟ್ಟಡದ ಅಜ್ಜಿಯರು.

ಎರಡನೆಯ ಮಾತು

ಉಪವಾಸದ ಲೆಕ್ಕವೇ ಎಲ್ಲವನ್ನೂ ವಿವರಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ವಸಂತದಲ್ಲಿ ಬರುವ ಇರಾನಿನ ಹೊಸವರ್ಷ ನೌರೂಜಿನ ಮೇಜಿನ ಮೇಲೆ ಬಣ್ಣ ಬಳಿದ ಮೊಟ್ಟೆ ಇರುತ್ತದೆ. ಅಲ್ಲಿ ಯಾವ ತಪಸ್ಸುಕಾಲವಿತ್ತು? ಯಹೂದಿಗಳ ವಸಂತದ ಹಬ್ಬ ಪಾಸ್ಖದ ತಟ್ಟೆಯಲ್ಲಿಯೂ ಸುಟ್ಟ ಮೊಟ್ಟೆ ಇದೆ. ವಸಂತಕ್ಕೂ ಮೊಟ್ಟೆಗೂ ಕ್ರೈಸ್ತ ಧರ್ಮಕ್ಕಿಂತ ಹಳೆಯ ನಂಟು ಇದ್ದೇ ಇರಬೇಕು.

ಪಾಕಪುರಾಣ

ವಸಂತಕ್ಕೂ ಮೊಟ್ಟೆಗೂ ನಂಟು ಇದೆ, ಇಲ್ಲ ಎನ್ನುವುದಿಲ್ಲ. ಆ ನಂಟು ಕೋಳಿಯ ಮೈಯಲ್ಲಿಯೇ ಇದೆ. ಹಗಲು ಬೆಳೆದ ಕಡೆಯಲ್ಲೆಲ್ಲ ಮೊಟ್ಟೆ ಹೆಚ್ಚುತ್ತದೆ, ಹಾಗಾಗಿ ಇರಾನಿನಲ್ಲಿಯೂ ಜೆರುಸಲೇಮಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ವಸಂತದ ಹಬ್ಬದ ಮೇಜಿಗೆ ಅದು ಬಂದಿತು. ಒಬ್ಬರಿಂದ ಇನ್ನೊಬ್ಬರು ಕದ್ದರು ಎನ್ನಲು ಇಷ್ಟು ಸಾಲದು. ಈಸ್ಟರಿನ ಮೊಟ್ಟೆಗೆ ಇರುವ ವಿಶೇಷ ಏನೆಂದರೆ, ಅದು ಬಿಟ್ಟು ಪಡೆದ ತಿನಿಸು. ಸಿಗುತ್ತದೆ ಎಂದು ತಿನ್ನುವುದು ಬೇರೆ, ಕಣ್ಣೆದುರಿಗೆ ರಾಶಿ ಬೀಳುತ್ತಿದ್ದರೂ ಮುಟ್ಟದೆ ಕಾದು ತಿನ್ನುವುದು ಬೇರೆ.

ಆ ಕಾಯುವಿಕೆ ಎಷ್ಟು ಕಷ್ಟವಾಗಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಫ್ರಾನ್ಸಿನ ರೂಆನ್ ನಗರದ ಕ್ಯಾಥೆಡ್ರಲಿಗೆ ಹೊಂದಿಕೊಂಡ ಗೋಪುರವೊಂದರ ಹೆಸರು ಬೆಣ್ಣೆ ಗೋಪುರ. 15ನೆಯ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಲು ಶುರುಮಾಡಿದರು. ಬೆಣ್ಣೆ ಹೇರಳವಾಗಿದ್ದು, ಆಲಿವ್ ಎಣ್ಣೆ ದುಬಾರಿಯಾಗಿದ್ದ ಆ ಸೀಮೆಯ ಜನ ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದು ಅದಕ್ಕೆ ಕಾಣಿಕೆ ಸಲ್ಲಿಸುತ್ತಿದ್ದರು. ಗೋಪುರಕ್ಕೆ ಆ ಹಣವೂ ಸೇರಿತು.

ಬಜ್ಪೆ ಕಡೆಯವರು

ನಾವು ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು. ನಮ್ಮ ಮನೆಯ ಈಸ್ಟರ್ ಊಟದಲ್ಲಿ ಇಂಥ ತಿನಿಸಿಗೆ ಇಂಥ ಅರ್ಥ ಎಂಬುದು ಏನೂ ಇಲ್ಲ ಎಂದರೆ ಆಶ್ಚರ್ಯಪಡುತ್ತೀರೋ ಏನೋ. ಸಾನ್ನಾಂ ಎಂಬ ಇಡ್ಲಿಯಂಥ ತಿಂಡಿ, ಹಂದಿಮಾಂಸದ ಬಫಾತ್, ಕೋಳಿ ಸಾರು. ಇವೇ ಕ್ರಿಸ್ಮಸ್ಸಿಗೂ, ಇವೇ ಮದುವೆಗೂ. ಸಾನ್ನಾಂ ಮಾಡುವ ಉದ್ದು ಮತ್ತು ಕುಚ್ಚಲಕ್ಕಿಯ ಹಿಟ್ಟಿಗೆ ಹಿಂದೆ ಶೇಂದಿ ಬೆರೆಸಿ ಉಬ್ಬಿಸುತ್ತಿದ್ದರು, ಈಗ ಹೆಚ್ಚಿನ ಮನೆಗಳಲ್ಲಿ ಯೀಸ್ಟ್. ಶೇಂದಿಯ ಸಾನ್ನಾಂನ ಮೃದುತನ, ಅದರ ನಸುಹುಳಿ ಯೀಸ್ಟಿಗೆ ಬರುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮಲ್ಲಿ ಅರ್ಥ ಇರುವುದು ತಿನಿಸಿನಲ್ಲಿ ಅಲ್ಲ, ಸರದಿಯಲ್ಲಿ. ಶುಭ ಶುಕ್ರವಾರ ಗಂಜಿ, ಚಟ್ನಿ. ಮಾಂಸದ ಪಾತ್ರೆಯನ್ನು ಅಮ್ಮ ಕೆಳಗಿಳಿಸುವುದೂ ಇಲ್ಲ. ಶನಿವಾರ ರಾತ್ರಿಯ ಜಾಗರಣೆಯ ಪೂಜೆ ಮುಗಿಸಿ ಬರುವಾಗ ಹೊತ್ತಾಗಿರುತ್ತದೆ. ಬಫಾತ್ ಆ ಹೊತ್ತಿಗೆ ಆಗಿರುತ್ತದೆ, ಒಂದು ರಾತ್ರಿ ಕಳೆದರೆ ಮಸಾಲೆ ಮಾಂಸಕ್ಕೆ ಇಳಿದು ಇನ್ನೂ ರುಚಿ. ಭಾನುವಾರ ಬೆಳಗಿನ ಸಾನ್ನಾಂ ಜೊತೆಗೆ ಅದನ್ನು ತಿನ್ನುವಾಗ ಯಾರೂ ಯಾವ ವ್ಯಾಖ್ಯಾನವನ್ನೂ ಹೇಳಬೇಕಾಗಿಲ್ಲ. ಹಳೆ ಮೈಸೂರಿನವರು ಯುಗಾದಿಯ ಮರುದಿನದ ಹೊಸತೊಡಕನ್ನು ನೆನೆದುಕೊಂಡರೆ ನನ್ನ ಮಾತು ತಿಳಿದೀತು.

ಕಡಬದ ರಬ್ಬರ್ ತೋಟ

ಬಜ್ಪೆಯವರ ಮಾತು ಅವರ ಮನೆಗೆ ಸರಿ. ನಮ್ಮ ಮನೆಯಲ್ಲಿ ಇದಕ್ಕೆ ತಿರುಗಾಮುರುಗಾ. ನಮ್ಮ ಅಜ್ಜ ಅಜ್ಜಿ ಕೋಟ್ಟಯಂ ಕಡೆಯಿಂದ ರಬ್ಬರ್ ಬೆಳೆಯಲು ಇಲ್ಲಿಗೆ ಬಂದವರು. ಕೇರಳ ಮೂಲದ ಕ್ಯಾಥೊಲಿಕರಾದ ಸಿರೋ ಮಲಬಾರ್ ಪಂಗಡದ ನಮ್ಮಂಥ ಕುಟುಂಬಗಳು ಬೆಳ್ತಂಗಡಿ, ಕಡಬ, ಸುಳ್ಯದ ಕಡೆ ತುಂಬಾ ಇವೆ. 1999ರಲ್ಲಿ ಬೆಳ್ತಂಗಡಿಯಲ್ಲಿ ನಮಗೆ ಪ್ರತ್ಯೇಕ ಧರ್ಮಪ್ರಾಂತವೂ ಆಯಿತು. ನಮ್ಮಲ್ಲಿ ಒಂದೊಂದು ತಿಂಡಿಗೂ ಒಂದೊಂದು ದಿನ ಇದೆ.

ಗರಿಗಳ ಭಾನುವಾರದ ಹಿಂದಿನ ಶನಿವಾರ ಕೊಳುಕ್ಕಟ್ಟ. ತೆಂಗಿನಕಾಯಿ ಬೆಲ್ಲದ ಹೂರಣ ತುಂಬಿದ ಉಂಡೆಗಡುಬು ಎಂದುಕೊಳ್ಳಿ. ಮರುದಿನ ಚರ್ಚಿನಲ್ಲಿ ಕೊಟ್ಟ ತೆಂಗಿನ ಎಳೆಗರಿಯನ್ನು ಜೋಪಾನವಾಗಿ ಇಡುತ್ತೇವೆ, ಗುರುವಾರಕ್ಕೆ ಬೇಕು.

ಗುರುವಾರ ಸಂಜೆ ಪೆಸಹಾ ಅಪ್ಪಂ. ಅಕ್ಕಿ ಮತ್ತು ಉದ್ದು ರುಬ್ಬಿ, ತೆಂಗಿನಕಾಯಿ, ಜೀರಿಗೆ, ಸಣ್ಣ ಈರುಳ್ಳಿ ಸೇರಿಸುತ್ತೇವೆ. ಇಲ್ಲಿ ಮುಖ್ಯವಾದದ್ದು, ಹಿಟ್ಟು ಹುಳಿಯಬಾರದು. ರುಬ್ಬಿದ ಕೂಡಲೇ ಹಬೆಗೆ ಇಡಬೇಕು. ತಟ್ಟೆಗೆ ಸುರಿದ ಹಿಟ್ಟಿನ ಮೇಲೆ ಎಳೆಗರಿಯ ಸಣ್ಣ ಶಿಲುಬೆ ಇಡುತ್ತೇವೆ, ಬೆಂದ ಮೇಲೆ ಅದರ ಅಚ್ಚು ಉಳಿಯುತ್ತದೆ. ಜೊತೆಗೆ ಪೆಸಹಾ ಪಾಲ್: ತೆಂಗಿನಹಾಲು, ಬೆಲ್ಲ, ಒಣಶುಂಠಿ, ಏಲಕ್ಕಿ. ರಾತ್ರಿ ಪ್ರಾರ್ಥನೆಯ ನಂತರ ಮನೆಯ ಹಿರಿಯರು ಅಪ್ಪಂ ಕತ್ತರಿಸಿ, ಹಾಲಿನಲ್ಲಿ ಅದ್ದಿ, ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಿಗೆ ಕೊಡುತ್ತಾರೆ. ಎರಡೂ ಕೈ ಜೋಡಿಸಿ ತೆಗೆದುಕೊಳ್ಳಬೇಕು. ಚೂರು ಕೆಳಗೆ ಬೀಳಬಾರದು. ಆ ವರ್ಷ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ, ಬಂಧುಗಳೋ ನೆರೆಯವರೋ ತಂದುಕೊಡುತ್ತಾರೆ. ನನ್ನಜ್ಜ ಹೋದ ವರ್ಷ ನಮಗೆ ಮೂರು ಮನೆಯವರು ತಂದಿದ್ದರು. ಅಷ್ಟು ತಿನ್ನಲಾಗದೆ, ಎಸೆಯಲೂ ಆಗದೆ, ಶುಕ್ರವಾರ ಬೆಳಗ್ಗೆಯೂ ಅದನ್ನೇ ಹಂಚಿಕೊಂಡೆವು.

ಶುಕ್ರವಾರ ಗಂಜಿ ಮತ್ತು ಹೆಸರುಕಾಳು. ಕೆಲವು ಚರ್ಚುಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹಾಗಲಕಾಯಿ ರಸವನ್ನೋ ವಿನಿಗರನ್ನೋ ಕೊಡುತ್ತಾರೆ. ಶಿಲುಬೆಯ ಮೇಲೆ ಯೇಸುವಿಗೆ ಹುಳಿ ದ್ರಾಕ್ಷಾರಸ ಕೊಟ್ಟದ್ದರ ನೆನಪು. ಭಾನುವಾರ ಪಾಲಪ್ಪಂ, ಕೋಳಿಯೋ ಬಾತುಕೋಳಿಯೋ. ಗುರುವಾರ ಹುಳಿಸದ ಅಪ್ಪಂ, ಭಾನುವಾರ ಹುಳಿದು ಉಬ್ಬಿದ ಅಪ್ಪಂ. ಇದನ್ನು ನಮಗೆ ಯಾರೂ ಪಾಠ ಮಾಡಿಲ್ಲ, ಆದರೆ ನಾಲಿಗೆಗೆ ವ್ಯತ್ಯಾಸ ಗೊತ್ತು.

ಪಾಕಪುರಾಣ

ಕಡಬದವರೇ, ಈ ಚರ್ಚೆಯಲ್ಲಿ ನಾನು ಕಾಯುತ್ತಿದ್ದ ಬರಹ ಇದು. ಬೈಬಲಿನ ವಿಮೋಚನಕಾಂಡ 12ನೆಯ ಅಧ್ಯಾಯ ತೆಗೆದು ನೋಡಿ: ಈಜಿಪ್ಟಿನಿಂದ ಹೊರಡುವ ರಾತ್ರಿ ಇಸ್ರಾಯೇಲರು ಕುರಿಮರಿಯನ್ನು ಬೆಂಕಿಯಲ್ಲಿ ಸುಟ್ಟು, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿಸೊಪ್ಪಿನೊಂದಿಗೆ ತಿನ್ನಬೇಕು. ಒಂದೊಂದು ಮನೆಗೆ ಒಂದು ಮರಿ. ಅದೇ ಯಹೂದಿಗಳ ಪಾಸ್ಖ, ನಿಮ್ಮ ಪೆಸಹಾ ಎಂಬ ಹೆಸರೂ ಅದರದೇ. ಅದೊಂದು ಮನೆಯ ಆಚರಣೆ. ಕ್ರೈಸ್ತ ಲೋಕದ ಬಹುಪಾಲು ಕಡೆ ಆ ಗುರುವಾರದ ರಾತ್ರಿ ಪೂರ್ತಿ ಚರ್ಚಿನ ಪಾಲಾಯಿತು. ನಿಮ್ಮಲ್ಲಿ ಮಾತ್ರ ಅದು ಮನೆಯಲ್ಲಿಯೇ ಉಳಿದಿದೆ: ಹುಳಿಯಿಲ್ಲದ ಅಪ್ಪಂ, ಹಂಚುವ ಹಿರಿಯರು, ಸುತ್ತ ಕೂತ ಕುಟುಂಬ. ಗೋಧಿಯ ಜಾಗಕ್ಕೆ ಅಕ್ಕಿ ಬಂತು, ದ್ರಾಕ್ಷಾರಸದ ಜಾಗಕ್ಕೆ ತೆಂಗಿನಹಾಲು ಬಂತು, ಕ್ರಮ ಕೆಡಲಿಲ್ಲ.

ತುಂಗಾತೀರ

ಒಂದು ಸಂದೇಹ. ಕುರಿಮರಿಯ ಮೂಲ ಅಷ್ಟು ಸ್ಪಷ್ಟವಾಗಿದ್ದರೆ, ಅಮೆರಿಕದಲ್ಲಿ, ಉತ್ತರ ಯುರೋಪಿನಲ್ಲಿ ಈಸ್ಟರಿಗೆ ಹಂದಿಯ ತೊಡೆಮಾಂಸ ಏಕೆ? ಹಂದಿ ತಿನ್ನದ ಯಹೂದಿಗಳ ಹಬ್ಬದಿಂದ ಹುಟ್ಟಿದ ಹಬ್ಬದಲ್ಲಿ ಹಂದಿ ಹೇಗೆ ಬಂತು?

ಕ್ರಾಕೋವ್‌ನಿಂದ

ಅಕ್ಕ, ಪೋಲೆಂಡಿನ ಹಳ್ಳಿಗೆ ಬಂದರೆ ಉತ್ತರ ಅಲ್ಲಿನ ಕೊಟ್ಟಿಗೆಯಲ್ಲಿಯೇ ಸಿಗುತ್ತದೆ. ಹಂದಿಯನ್ನು ಚಳಿ ಹಿಡಿಯುವಾಗ ಕೊಯ್ಯುತ್ತಿದ್ದರು. ತೊಡೆಯನ್ನು ಉಪ್ಪಿನಲ್ಲಿ ಊರಿಸಿ, ಹೊಗೆ ಕೊಟ್ಟು, ತಿಂಗಳುಗಟ್ಟಲೆ ತೂಗುಹಾಕುತ್ತಿದ್ದರು. ಅದು ಹದಕ್ಕೆ ಬರುವುದು ವಸಂತದ ಹೊತ್ತಿಗೆ. ತಾಜಾ ಮಾಂಸ ಸಿಗದ ಆ ಕಾಲದಲ್ಲಿ ಉಪವಾಸ ಮುರಿಯಲು ಅದಕ್ಕಿಂತ ಒಳ್ಳೆಯದು ಇನ್ನೇನಿತ್ತು? ಕುರಿ ಮೇಯಿಸುವ ಗ್ರೀಸ್, ಇಟಲಿಯಲ್ಲಿ ಮರಿಗಳು ಚಳಿಗಾಲದಲ್ಲಿ ಹುಟ್ಟುತ್ತವೆ. ಹೆಚ್ಚಾದ ಗಂಡುಮರಿಗಳನ್ನು ವಸಂತದಲ್ಲಿ ಕೊಯ್ದರೆ ತಾಯಿಯ ಹಾಲು ಗಿಣ್ಣಿಗೆ ಉಳಿಯುತ್ತದೆ. ಅಲ್ಲಿ ಶಾಸ್ತ್ರವೂ ಮಂದೆಯೂ ಒಂದೇ ಮಾತು ಹೇಳಿದವು. ಇಲ್ಲಿ ಶಾಸ್ತ್ರ ಕುರಿಮರಿ ಎಂದಿತು, ಕೊಟ್ಟಿಗೆ ಹಂದಿ ಎಂದಿತು. ಪೋಲಿಷರು ಎರಡನ್ನೂ ಬಿಡಲಿಲ್ಲ. ಬೆಣ್ಣೆಯಲ್ಲಿಯೋ ಸಕ್ಕರೆಯಲ್ಲಿಯೋ ಪುಟ್ಟ ಕುರಿಮರಿ ಮಾಡಿ, ಕೆಂಪು ಬಾವುಟ ಸಿಕ್ಕಿಸಿ, ಮಾಂಸದ ಪಕ್ಕ ಇಟ್ಟರು.

ಪವಿತ್ರ ಶನಿವಾರ ಇಲ್ಲಿನ ಬೀದಿಗಳಲ್ಲಿ ಎಲ್ಲರ ಕೈಯಲ್ಲಿಯೂ ಬುಟ್ಟಿ. ಕಸೂತಿ ಹಾಕಿದ ಬಿಳಿ ಬಟ್ಟೆಯ ಅಡಿಯಲ್ಲಿ ರೊಟ್ಟಿ, ಮೊಟ್ಟೆ, ಉಪ್ಪು, ಸಾಸೇಜು, ಮೂಗಿಗೆ ಹೊಡೆಯುವ ಖಾರದ ಹಾರ್ಸ್‌ರ‍್ಯಾಡಿಷ್ ಬೇರು, ಆ ಬೆಣ್ಣೆಯ ಕುರಿಮರಿ. ಚರ್ಚಿನಲ್ಲಿ ಸಾಲಾಗಿ ಇಟ್ಟ ಬುಟ್ಟಿಗಳ ಮೇಲೆ ಪಾದ್ರಿ ಪವಿತ್ರ ನೀರು ಚಿಮುಕಿಸುತ್ತಾರೆ. ಆ ಬೇರು ಯೇಸು ಅನುಭವಿಸಿದ ಕಹಿಯ ಗುರುತು. ಭಾನುವಾರ ಬೆಳಗ್ಗೆ ಅದೇ ಮೊಟ್ಟೆಯನ್ನು ಹೋಳು ಮಾಡಿ, ಒಬ್ಬರಿಗೊಬ್ಬರು ಹಾರೈಸುತ್ತ ಹಂಚಿಕೊಂಡು ತಿನ್ನುತ್ತಾರೆ.

ಇನ್ನೊಂದು ಹಳೆಯ ಪದ್ಧತಿ ಹೇಳದಿರಲಾರೆ. ಉಪವಾಸದ ವಾರಗಳಲ್ಲಿ ಇಲ್ಲಿನ ಬಡವರ ಊಟವೆಂದರೆ ರೈ ಹಿಟ್ಟು ಹುಳಿಸಿ ಮಾಡಿದ ಜುರ್ ಎಂಬ ಸಾರು ಮತ್ತು ಉಪ್ಪು ಹಾಕಿದ ಹೆರಿಂಗ್ ಮೀನು. ಶುಭ ಶುಕ್ರವಾರ ಹಳ್ಳಿಯ ಹುಡುಗರು ಆ ಸಾರಿನ ಮಡಕೆಯನ್ನು ಮೆರವಣಿಗೆಯಲ್ಲಿ ಒಯ್ದು ಹೂಳುತ್ತಿದ್ದರು, ಹೆರಿಂಗನ್ನು ಮರಕ್ಕೆ ನೇತುಹಾಕುತ್ತಿದ್ದರು. ಆದರೆ ಆ ಸಾರನ್ನು ಬಿಟ್ಟಿರಲು ಅವರಿಂದ ಆಗಲಿಲ್ಲ. ಬಿಳಿ ಸಾಸೇಜು, ಬೆಂದ ಮೊಟ್ಟೆ ಹಾಕಿದ ಹುಳಿಸಾರು ಇವತ್ತು ಇಲ್ಲಿ ಈಸ್ಟರ್ ಬೆಳಗಿನ ಮುಖ್ಯ ಅಡುಗೆ.

ದಂಡು ಪ್ರದೇಶ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದವನಿಗೆ ಈ ಹಬ್ಬ ಎಂದರೆ ಹಾಟ್ ಕ್ರಾಸ್ ಬನ್ನು. 1809ರಲ್ಲಿ ಬ್ರಿಟಿಷರ ದಂಡು ಬಂತು, ಅದರ ಹಿಂದೆ ಬೇಕರಿಗಳು ಬಂದವು. ಫ್ರೇಜರ್ ಟೌನ್ ಕಡೆಯ ಬೇಕರಿಗಳಲ್ಲಿ ಈಗಲೂ ಶುಭ ಶುಕ್ರವಾರದ ಮುನ್ನಾ ದಿನ ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ, ಜಾಯಿಕಾಯಿಯ ಬನ್ನಿನ ಘಮ ಬರುತ್ತದೆ. ಮೇಲಿನ ಶಿಲುಬೆಯನ್ನು ಸಕ್ಕರೆಯಲ್ಲಿ ಬರೆದರೆ ನನಗೆ ಸಿಟ್ಟು ಬರುತ್ತದೆ. ಹಿಟ್ಟು, ನೀರು ಕಲಸಿದ ಲೇಪವನ್ನು ಒಲೆಗೆ ಹೋಗುವ ಮುಂಚೆಯೇ ಎಳೆಯಬೇಕು, ಬೆಂದ ಮೇಲೆ ಅದು ಸಪ್ಪೆಯಾಗಿಯೇ ಇರಬೇಕು. ಅದು ದುಃಖದ ದಿನದ ಬನ್ನು. ಅಂಗಡಿಗಳಲ್ಲಿ ಈಸ್ಟರ್ ವಾರ ಪೂರ್ತಿ ಮಾರುವುದನ್ನು ನೋಡಿ ಹೊಸಬರು ಇದನ್ನು ಹಬ್ಬದ ಸಿಹಿ ಎಂದುಕೊಂಡಿದ್ದಾರೆ.

ಇದರ ಚರಿತ್ರೆ ಏನು ಪಾಕಪುರಾಣ ಅವರೇ?

ಪಾಕಪುರಾಣ

ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಮಸಾಲೆ ಬನ್ನುಗಳನ್ನು ಶುಭ ಶುಕ್ರವಾರ, ಕ್ರಿಸ್ಮಸ್ ಮತ್ತು ಶವಸಂಸ್ಕಾರದ ಸಂದರ್ಭ ಬಿಟ್ಟು ಬೇರೆ ದಿನ ಮಾರಬಾರದೆಂದು ಲಂಡನ್ನಿನಲ್ಲಿ ಕಟ್ಟಳೆ ಇತ್ತು. ನೀವು ಹೇಳಿದ ಸಿಟ್ಟು ಅಷ್ಟು ಹಳೆಯದು. ಶುಭ ಶುಕ್ರವಾರ ಇವನ್ನು ಬೀದಿಯಲ್ಲಿ ಕೂಗಿ ಮಾರುವ ಹಾಡು 1733ರ ಒಂದು ಪಂಚಾಂಗದಲ್ಲಿ ಅಚ್ಚಾಗಿದೆ. ಅವತ್ತು ಸುಟ್ಟ ಬನ್ನು ಕೊಳೆಯುವುದಿಲ್ಲ, ಕಾಯಿಲೆಗೆ ಮದ್ದು, ಹಡಗಿಗೆ ರಕ್ಷೆ ಎಂಬ ನಂಬಿಕೆಗಳೂ ಇದ್ದವು. ಪೂರ್ವ ಲಂಡನ್ನಿನ ವಿಡೋಸ್ ಸನ್ ಎಂಬ ಮದ್ಯದಂಗಡಿಯಲ್ಲಿ, ಸಮುದ್ರಕ್ಕೆ ಹೋಗಿ ಮರಳದ ಮಗನಿಗಾಗಿ ತಾಯಿಯೊಬ್ಬಳು ವರ್ಷವರ್ಷವೂ ಬನ್ನು ಎತ್ತಿಟ್ಟಳು ಎಂಬ ಐತಿಹ್ಯದ ನೆನಪಿಗೆ, ಶುಭ ಶುಕ್ರವಾರ ನಾವಿಕನೊಬ್ಬ ಹೊಸ ಬನ್ನನ್ನು ಹಳೆಯವುಗಳ ಜೊತೆ ಬಲೆಯಲ್ಲಿ ನೇತುಹಾಕುತ್ತಾನೆ.

ಮೇರಿಯ ಮಗಳು

ಎಲ್ಲವನ್ನೂ ಓದಿದೆ. ಒಂದು ಮಾತು ಹೇಳಲೇಬೇಕು. ಕೋಳಿ ಯಾವಾಗ ಮೊಟ್ಟೆ ಇಡುತ್ತದೆ, ಹಂದಿ ಯಾವಾಗ ಹದಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿದಾಗ, ನಂಬಿಕೆ ಎಂಬುದು ಆಮೇಲೆ ಬಳಿದ ಬಣ್ಣ ಎಂಬಂತೆ ಕೇಳಿಸುತ್ತದೆ. ನನಗೆ ಈಸ್ಟರ್ ಮೊಟ್ಟೆ ಖಾಲಿ ಸಮಾಧಿಯೇ. ಅದು ಹೆಚ್ಚುವರಿ ದಾಸ್ತಾನು ಎಂದು ಕೇಳುವಾಗ ನೋವಾಗುತ್ತದೆ.

ಪಾಕಪುರಾಣ

ಅಮ್ಮಾ, ನೋಯಿಸುವುದು ನನ್ನ ಉದ್ದೇಶವಲ್ಲ. ತಿನಿಸು ಮೇಜಿಗೆ ಹೇಗೆ ಬಂತು ಎಂಬುದು ಒಂದು ಪ್ರಶ್ನೆ, ಬಂದ ಮೇಲೆ ಜನ ಅದರಲ್ಲಿ ಏನು ಕಂಡರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಎರಡನೆಯದು ಸುಳ್ಳಾಗುವುದಿಲ್ಲ. 1614ರಲ್ಲಿ ರೋಮಿನಲ್ಲಿ ಪ್ರಕಟವಾದ ಪೂಜಾವಿಧಿಯ ಗ್ರಂಥದಲ್ಲಿ ಈಸ್ಟರಿನ ಕುರಿಮರಿಗೂ ಮೊಟ್ಟೆಗೂ ಬೇರೆಬೇರೆ ಆಶೀರ್ವಾದದ ಪ್ರಾರ್ಥನೆಗಳಿವೆ. ನಲವತ್ತು ದಿನ ದೇವರಿಗಾಗಿ ಬಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಳ್ಳುವಾಗ ದೇವರ ಹೆಸರೆತ್ತದೆ ತಿನ್ನಬಾರದು ಎಂಬ ಮನಸ್ಸು ಅದು. ಉಪವಾಸ ಇಲ್ಲದೆ ಆ ಮೊಟ್ಟೆ ಇಲ್ಲ, ನಂಬಿಕೆ ಇಲ್ಲದೆ ಆ ಉಪವಾಸ ಇಲ್ಲ. ಹಾಗೆ ನೋಡಿದರೆ ನಂಬಿಕೆಯೇ ಮೊದಲು ಬಂದದ್ದು.

ನನಗೆ ಕಸಿವಿಸಿಯಾಗುವುದು ಬೇರೆ ಕಡೆ. ಇಟಲಿಯ ಕೊಲೊಂಬ ಎಂಬ ಪಾರಿವಾಳದ ಆಕಾರದ ಕೇಕನ್ನು ತೆಗೆದುಕೊಳ್ಳಿ. ಲೊಂಬಾರ್ಡ್ ದೊರೆ ಆಲ್ಬೊಯಿನ್ 6ನೆಯ ಶತಮಾನದಲ್ಲಿ ಪಾವಿಯ ಗೆದ್ದಾಗ ಊರವರು ಅದನ್ನು ಕಾಣಿಕೆ ಕೊಟ್ಟರು ಎಂದು ಕಥೆ ಹೇಳುತ್ತಾರೆ. ಇವತ್ತು ಪೆಟ್ಟಿಗೆಯಲ್ಲಿ ಸಿಗುವ ಕೊಲೊಂಬ 1930ರ ದಶಕದಲ್ಲಿ ಮಿಲಾನಿನ ಮೊತ್ತ ಕಂಪನಿಯಿಂದ ಬಂದದ್ದು. ಕ್ರಿಸ್ಮಸ್ಸಿನ ಪಾನೆತ್ತೋನೆ ಕೇಕಿಗೆ ತಂದ ಯಂತ್ರಗಳನ್ನೂ ಅದೇ ಬಗೆಯ ಹಿಟ್ಟನ್ನೂ ವಸಂತದಲ್ಲಿಯೂ ಬಳಸುವ ಉಪಾಯ ಅದು. ಚಾಕೊಲೇಟ್ ಮೊಟ್ಟೆಯ ವಿಷಯವೂ ಹೀಗೆಯೇ. ಬ್ರಿಸ್ಟಲಿನ ಫ್ರೈ ಕಂಪನಿ 1873ರಲ್ಲಿ, ಕ್ಯಾಡ್ಬರಿ 1875ರಲ್ಲಿ ಟೊಳ್ಳು ಮೊಟ್ಟೆ ತಂದವು. ಚೆನ್ನಾಗಿವೆ, ತಿನ್ನಲಿ. ಆದರೆ ಯಾವ ಉಪವಾಸವನ್ನೂ ದಾಟಿ ಬಾರದ ತಿನಿಸಿಗೆ ಪುರಾತನ ಕಥೆ ಕಟ್ಟಿ ಮಾರುವುದನ್ನು ಮಾತ್ರ ಒಪ್ಪಲಾರೆ.

ಮೇರಿಯ ಮಗಳು

ಈಗ ಒಪ್ಪುತ್ತೇನೆ. ಇಥಿಯೋಪಿಯದ ಸಹೋದ್ಯೋಗಿಯೊಬ್ಬರು ನೆನಪಾದರು. ಅವರಲ್ಲಿ ಉಪವಾಸ 55 ದಿನ, ಮಾಂಸ, ಹಾಲು, ಮೊಟ್ಟೆ ಒಂದೂ ಇಲ್ಲ. ಫಾಸಿಕ ಹಬ್ಬದ ನಸುಕಿನಲ್ಲಿ ದೊರೊ ವಟ್ ಎಂಬ ಕೋಳಿ ಸಾರಿನೊಂದಿಗೆ ಉಪವಾಸ ಮುರಿಯುತ್ತಾರೆ. ರಾಶಿ ಈರುಳ್ಳಿಯನ್ನು ಎಣ್ಣೆ ಹಾಕದೆ ಗಂಟೆಗಟ್ಟಲೆ ಬಾಡಿಸಿ, ಬೆರ್ಬೆರೆ ಮಸಾಲೆ, ಆಮೇಲೆ ಕೋಳಿಯ 12 ತುಂಡು, ಕೊನೆಗೆ ಇಡೀ ಬೆಂದ ಮೊಟ್ಟೆಗಳು. ಅಲ್ಲಿಯೂ ಮೊಟ್ಟೆ!

ಎರಡನೆಯ ಮಾತು

ನೌರೂಜ್ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಬರಹದಲ್ಲಿ ದಾಖಲಾಗದ ಆಚರಣೆಗಳೂ ಇದ್ದಿರಬಹುದು. ಆದರೆ ದಾಖಲೆ ಇಲ್ಲದ ದೇವಿಯ ಕೈಗೆ ಮೊಟ್ಟೆ ಕೊಟ್ಟು ಮಕ್ಕಳಿಗೆ ಪಾಠ ಹೇಳುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಬೆಳವಾಡಿ

ಅಥೆನ್ಸ್ ಕನ್ನಡತಿಯವರಿಗೆ ಒಂದು ಪ್ರಶ್ನೆ. ಆ ಕೆಂಪು ಬಣ್ಣವನ್ನು ಪುಡಿ ತರದೆ ಮನೆಯಲ್ಲಿಯೇ ಮಾಡಲು ಬರುತ್ತದೆಯೇ?

ಅಥೆನ್ಸ್ ಕನ್ನಡತಿ

ಬರುತ್ತದೆ, ಹಳಬರು ಮಾಡುತ್ತಿದ್ದುದೇ ಹಾಗೆ. ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆ ಕೂಡಿಡಿ. ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರಿನಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಎರಡು ಮೂರು ಚಮಚ ವಿನಿಗರ್ ಹಾಕಿ, ಹುಳಿ ಚಿಪ್ಪಿನ ಮೇಲ್ಮೈಯನ್ನು ಸ್ವಲ್ಪ ಕೊರೆದು ಬಣ್ಣ ಹಿಡಿಯುವಂತೆ ಮಾಡುತ್ತದೆ. ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಹಾಗೆಯೇ ಹಾಕಿದರೆ ಒಡೆಯುತ್ತದೆ, ಮೊದಲು ಹೊರಗಿಟ್ಟು ತಣುವು ಬಿಡಿಸಿ. ಆರಿದ ಬಣ್ಣದ ನೀರಿನಲ್ಲಿಯೇ ಇಟ್ಟು ನಿಧಾನವಾಗಿ ಬೇಯಿಸಿ, ಒಲೆ ಆರಿಸಿದ ಮೇಲೆ ಅದರಲ್ಲಿಯೇ ಬಿಡಿ. ತೆಗೆದು ಒರೆಸಿ, ಆರಿದ ಮೇಲೆ ಎಣ್ಣೆ ಬಟ್ಟೆಯಿಂದ ಉಜ್ಜಿದರೆ ಹೊಳಪು. ಬರುವುದು ಇಟ್ಟಿಗೆಯ ಕೆಂಪು, ಕುಂಕುಮದ ಕೆಂಪು ಬೇಕಾದರೆ ಅಂಗಡಿಯ ಪುಡಿಯೇ ಆಗಬೇಕು. ಕಂದು ಚಿಪ್ಪಿನ ನಾಟಿ ಮೊಟ್ಟೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಬಣ್ಣ ಇನ್ನೂ ಗಾಢವಾಗಿ ಕೂರುತ್ತದೆ.